ಅರ್ಧಕ್ಕೆ ನಿಂತ ಹೆಣಿಗೆ

ಬುರುಜು ಕಟ್ಟಲಾರಂಭಿಸಿ ತೀರಿಸಲಾರದೆ ಹೋದವನ ಸಾಮ್ಯವನ್ನು ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಓದಿದ್ದೀರಷ್ಟೇ. ಅಂಥ ಬುರುಜುಗಳು ನನ್ನ ಮನೆಯಾಕೆಯ ಹೆಣಿಗೆಯ ಪೆಟ್ಟಿಗೆಯಲ್ಲಿ ಉಂಟು: ಜೊತೆಯಿಲ್ಲದ ಒಂದು ಕಾಲುಚೀಲ, ತೊಟ್ಟಿಲ ಕೂಸಿಗೆಂದು ತೊಡಗಿ ತೋಳಿಲ್ಲದೆ ನಿಂತ ಉಣ್ಣೆಯ ಅಂಗಿ. ಆ ಕೂಸು ಈಗ ಶಾಲೆಗೆ ಹೋಗುತ್ತದೆ! ಮೊದಲನೆಯ ಸಾಲುಗಳು ಉಲ್ಲಾಸದಿಂದ ಬೆಳೆಯುತ್ತವೆ. ಒಂದು ಕುಣಿಕೆ ಕಡ್ಡಿಯಿಂದ ಜಾರಿದರೆ ಕೆಳಗಿನ ಸಾಲುಗಳೂ ಏಣಿಯಂತೆ ಬಿಚ್ಚುತ್ತಾ ಹೋಗುವವು. ಆಗ ಬೇಸತ್ತ ಕೈ ಹೊಸ ನೂಲನ್ನು ಹುಡುಕುತ್ತದೆ. ಇಂಥ ಪೆಟ್ಟಿಗೆ ನಿಮ್ಮಲ್ಲಿಯೂ ಉಂಟಲ್ಲವೇ?

ನಾನು ನಕ್ಕೆನು. ಆಕೆ ಏನೂ ಹೇಳದೆ ನನ್ನ ಸತ್ಯವೇದದೊಳಗಿದ್ದ ಕಾಗದವನ್ನು ತಂದಿಟ್ಟಳು. ಹೊಲದ ವ್ಯಾಜ್ಯದಿಂದ ಮಾತು ಬಿಟ್ಟ ಅಣ್ಣನಿಗೆ ನಾನು ಬರೆಯತೊಡಗಿ ಎರಡು ಸಾಲಿಗೆ ನಿಲ್ಲಿಸಿದ್ದ ಪತ್ರವದು.

ಯೊಪ್ಪದ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ತಬಿಥಳು ಮಾಡಿ ಮುಗಿಸಿದ ಅಂಗಿಗಳನ್ನೇ ಹೊರತು ತೊಡಗಿ ಬಿಟ್ಟವುಗಳನ್ನಲ್ಲ.

ಕಳೆದ ವಾರ ಆಕೆ ಆ ಚಿಕ್ಕ ಅಂಗಿಯನ್ನು ಪೂರಾ ಬಿಚ್ಚಿದಳು. ಬಿಚ್ಚಿದ ಉಣ್ಣೆಯು ಹಳೆಯ ಕುಣಿಕೆಗಳ ಗುರುತನ್ನು ಹೊತ್ತು ಸುರುಳಿಯಾಗಿರುತ್ತದೆ. ಲಡಿ ಮಾಡಿ, ನೀರಿನಲ್ಲಿ ತೋಯಿಸಿ ತೂಗಹಾಕಿದರೆ ನೆಟ್ಟಗಾಗುತ್ತದೆ. ಅದೇ ನೂಲಿನಿಂದ ನೆರೆಮನೆಯ ವಿಧವೆಯ ಕೂಸಿಗೆ ಕುಲಾವಿಯಾಯಿತು. ನಾನೋ ಆ ಎರಡು ಸಾಲುಗಳನ್ನು ಹೊಡೆದುಹಾಕಿ, ಅದೇ ಕಾಗದದ ಹಿಂಬದಿಯಲ್ಲಿ ಅಣ್ಣಾ ಎಂದು ಮತ್ತೆ ತೊಡಗಿದ್ದೇನೆ.