ಹೇಳದೆ ಉಳಿದ ಮಾತು



ಸುಳ್ಳಿನಿಂದ ದೂರ ಇರುತ್ತೇವೆಂದು ನಾಲ್ಕನೇ ಶೀಲದಲ್ಲಿ ದಿನಾ ಸಂಕಲ್ಪ ಮಾಡುತ್ತೇವೆ. ಗೊತ್ತಿದ್ದೂ ಸುಮ್ಮನಿದ್ದರೆ? ಅದೂ ಸುಳ್ಳಿನ ಲೆಕ್ಕಕ್ಕೆ ಬರುತ್ತದೆಯೇ? ಚರ್ನೋಬಿಲ್ ಬಗ್ಗೆ ಓದಿದಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

1986ರ ಏಪ್ರಿಲ್ 26ರಂದು ರಾತ್ರಿ 1.23ಕ್ಕೆ ಅಲ್ಲಿನ ನಾಲ್ಕನೇ ರಿಯಾಕ್ಟರ್ ಸ್ಫೋಟಿಸಿತು. ಮೂರು ಕಿ.ಮೀ. ದೂರದ ಪ್ರಿಪ್ಯಾತ್ ಊರಲ್ಲಿ ಸುಮಾರು 49,000 ಜನ. ಬೆಳಗಾದರೆ ಶನಿವಾರ, ಮಕ್ಕಳು ಎಂದಿನಂತೆ ಶಾಲೆಗೆ ಹೋದರು. (ಮೇಷ್ಟ್ರಾದ ನನಗೆ ಕಣ್ಣಿಗೆ ಕಟ್ಟಿದ್ದು ಇದೇ.) ಬಸ್ಸು ತಂದು ಊರು ಖಾಲಿ ಮಾಡಿಸಿದ್ದು ಮರುದಿನ ಮಧ್ಯಾಹ್ನ. 28ರಂದು ದೂರದ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದ ಕೆಲಸಗಾರನ ಬೂಟಿನಲ್ಲಿ ವಿಕಿರಣ ಪತ್ತೆಯಾದ ಮೇಲೆಯೇ ಸೋವಿಯತ್ ಟಿ.ವಿ. ಆ ರಾತ್ರಿ ಚುಟುಕಾಗಿ ಸುದ್ದಿ ಹೇಳಿತು. ಮೇ 1ರಂದು ಕೀವ್ ಬೀದಿಯಲ್ಲಿ ಮಕ್ಕಳ ಸಮೇತ ಮೆರವಣಿಗೆಯೂ ನಡೆಯಿತು.

ನಾನು ಕನ್ನಡದ ಮೇಷ್ಟ್ರು. ಮುಂದಿನದನ್ನು ವಿಜ್ಞಾನದ ಸಹೋದ್ಯೋಗಿಯಿಂದ ತಿಳಿದುಕೊಂಡೆ. ಇಂಧನ ಸುಟ್ಟು ಒಡೆದಾಗ ಎಲ್ಲ ವಸ್ತುಗಳೂ ಒಂದೇ ಥರ ಹೊರಬರುವುದಿಲ್ಲ. ಕ್ಸೆನಾನ್‌ನಂಥ ಅನಿಲ ಪೂರ್ತಿ ಹಾರಿಹೋಗುತ್ತದೆ. ಅಯೋಡಿನ್, ಸೀಸಿಯಂ ಕಾವಿಗೆ ಆವಿಯಾಗಿ ಗಾಳಿಯಲ್ಲಿ ಬಹುದೂರ ಸಾಗಿ ಮಳೆಯೊಡನೆ ಇಳಿಯುತ್ತವೆ. ಸೀಸಿಯಂ-137 ಅರ್ಧಕ್ಕಿಳಿಯಲು 30 ವರ್ಷ ಬೇಕು. ಅಯೋಡಿನ್-131ಕ್ಕೆ 8 ದಿನ ಸಾಕು. ಆದರೆ ಅಷ್ಟರೊಳಗೇ ಅದು ಹುಲ್ಲಿಗೆ, ಹಸುವಿಗೆ, ಹಾಲಿಗೆ, ಮಗುವಿನ ಥೈರಾಯ್ಡ್ ಗ್ರಂಥಿಗೆ ಸೇರಿಬಿಡುತ್ತದೆ. ಇದನ್ನು ತಡೆಯಲು ದೊಡ್ಡ ಯಂತ್ರವೇನೂ ಬೇಡ. ‘ಕೆಲವು ವಾರ ಮಕ್ಕಳಿಗೆ ಈ ಹಾಲು ಕೊಡಬೇಡಿ’ ಎಂಬ ಒಂದು ಮಾತು ಸಾಕಿತ್ತು. ಪೋಲೆಂಡ್ 29ರಿಂದಲೇ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಅಯೋಡಿನ್ ದ್ರಾವಣ ಕುಡಿಸಿತು. ಬೆಲಾರುಸ್, ಉಕ್ರೇನ್ ಹಳ್ಳಿಗಳ ಎಷ್ಟೋ ತಾಯಂದಿರು ತಮ್ಮ ಹಸುವಿನ ಹಾಲನ್ನೇ ಕುಡಿಸಿದರು. ಆಗ ಮಕ್ಕಳೂ ಹದಿಹರೆಯದವರೂ ಆಗಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಕಂಡುಬಂದಿತ್ತು. ಅದರಲ್ಲಿ ದೊಡ್ಡ ಪಾಲಿಗೆ ಆ ಹಾಲೇ ಕಾರಣ. ಬಹುತೇಕರು ಚಿಕಿತ್ಸೆಯಿಂದ ಬದುಕಿದರು, ಅದನ್ನೂ ಹೇಳಬೇಕು.

ಜನ ಗಾಬರಿಯಾಗುತ್ತಾರೆ ಎಂಬುದು ಸುಮ್ಮನಿರುವವರ ಸಮಜಾಯಿಷಿ. ಪೂರ್ತಿ ಖೋಟಾ ಅಲ್ಲ, ಗಾಬರಿಯಿಂದಲೂ ಜನ ನೋಯುತ್ತಾರೆ. ಆದರೆ ಕುಡಿಸಬೇಕೋ ಬೇಡವೋ ಎಂದು ಯೋಚಿಸುವ ಹಕ್ಕು ಆ ತಾಯಿಯದು. ‘ನಿಮಗಿದೆಲ್ಲ ತಿಳಿಯಲ್ಲ’ ಎಂಬ ಮಾತನ್ನು ಕೇಳಿಯೇ ಬೆಳೆದ ನಮಗೆ ಆ ಅವಮಾನ ಬೇಗ ಅರ್ಥವಾಗುತ್ತದೆ.

ಹಾಗಂತ ನಾನು ಬೇರೆಯವನಲ್ಲ. ಹಿಂದೆ ಒಂದು ಶಾಲೆಯಲ್ಲಿದ್ದಾಗ, ನಮ್ಮ ಬೋರ್‌ವೆಲ್ ನೀರು ಕುಡಿಯಲು ಯೋಗ್ಯವಲ್ಲ ಎಂಬ ವರದಿ ಮೇಜಿನ ಮೇಲೆ ಕಂಡಿತು. ‘ಇನ್ನೊಂದು ಸಲ ಪರೀಕ್ಷೆ ಆಗಲಿ ಸಾರ್, ಪೋಷಕರನ್ನು ಯಾಕೆ ಹೆದರಿಸೋದು’ ಎಂದರು. ಆರು ದಿನ ನಾನೂ ಬಾಯಿ ಬಿಡಲಿಲ್ಲ. ಮಕ್ಕಳಿಗೆ ಏನೂ ಆಗಲಿಲ್ಲ. ಆದರೆ ಆ ಆರೂ ದಿನ ನಾನು ಮನೆಯಿಂದ ಬಾಟಲಿಯಲ್ಲಿ ನೀರು ಒಯ್ದಿದ್ದೆ.