ಪರರ ಆಸ್ತಿಯ ಪಾಲಕನಿಗೆ ಸಲ್ಲಬೇಕಾದುದೆಷ್ಟು?

ಕೃಷ್ಣಾತೀರದ ಕೊಲ್ಹಾರವು ಮಡಕೆಯ ಗಟ್ಟಿ ಮೊಸರಿಗೆ ಹೆಸರಾದ ಊರು. 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಡೆಯಾಗಿ, ಜನರು ಹೊಸ ಕೊಲ್ಹಾರಕ್ಕೆ ಬಂದು ನೆಲೆಸಿದರು. ಇಂತಹ ಊರುಗಳಲ್ಲಿ ಹೊಲ, ಮನೆ, ಮಳಿಗೆಗಳ ಒಡೆಯರು ಉದ್ಯೋಗನಿಮಿತ್ತ ವಿಜಯಪುರದಲ್ಲೋ ಸೊಲ್ಲಾಪುರದಲ್ಲೋ ಪುಣೆಯಲ್ಲೋ ಇರುವುದುಂಟು. ಆಗ ಆಸ್ತಿಯನ್ನು ಕಾಯುವವನು ಊರಿನಲ್ಲಿ ಉಳಿದ ಕಾರಭಾರಿ. ಬಾಡಿಗೆ ವಸೂಲಿ, ಸೋರುವ ಮಾಳಿಗೆಯ ದುರಸ್ತಿ, ತೆರಿಗೆ ಪಾವತಿ, ರಾಶಿಯ ದಿನದ ಲೆಕ್ಕ ಎಲ್ಲವೂ ಅವನ ಹೊಣೆ. ಈ ಹೊಣೆಗೆ ಸಲ್ಲಬೇಕಾದ ಪ್ರತಿಫಲವೆಷ್ಟು?

ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವವರು ವಿರಳ. ಅದಕ್ಕೊಂದು ಚಾರಿತ್ರಿಕ ಕಾರಣವೂ ಇದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿಯ ಭೂಮಿ ಸರ್ಕಾರದಲ್ಲಿ ನಿಹಿತವಾಗಿ, ಉಳುವವನಿಗೆ ಒಡೆತನದ ಹಾದಿ ತೆರೆಯಿತು. ನ್ಯಾಯವಾದ ಆ ಸುಧಾರಣೆಯ ನೆರಳಿನಲ್ಲಿ, ದೂರದ ಒಡೆಯನಿಗೆ ಕಾಗದದ ಮೇಲೆ ಏನನ್ನೂ ಬರೆದುಕೊಡಬಾರದೆಂಬ ಅಂಜಿಕೆಯೂ ಬೆಳೆಯಿತು. ಕೆಲಸ ಬಾಯಿಮಾತಿಗೆ ನಿಂತಿತು. ಸಂಬಳವು ಹಬ್ಬದ ಉಡುಗೊರೆಗೆ, ಎರಡು ಚೀಲ ಜೋಳಕ್ಕೆ ಇಳಿಯಿತು. "ಮನೆಯವನಂತಿದ್ದಾನೆ, ಅವನಿಗೇನು ಲೆಕ್ಕ?" ಎಂಬ ಮಾತಿನಲ್ಲಿ ಪ್ರೀತಿಯೂ ಇದೆ, ಕೊಡದಿರುವ ಜಾಣತನವೂ ಇದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಣುವ್ರತಗಳ ಅತಿಚಾರಗಳನ್ನು ಎಣಿಸುತ್ತದೆ. ಅಹಿಂಸೆಯ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಅನ್ನಪಾನನಿರೋಧವೂ ಸೇರಿವೆ. ತಾಳಲಾರದ ಹೊರೆ ಹೊರಿಸುವುದು, ಅಧೀನರಾದವರ ಅನ್ನವನ್ನು ತಡೆಯುವುದು ಹೊಡೆತವಿಲ್ಲದೆ ನಡೆಯುವ ಹಿಂಸೆಗಳು. ಅಚೌರ್ಯದ ಅತಿಚಾರಗಳಲ್ಲಿ ಒಂದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು. ಇವೆರಡನ್ನೂ ಕೂಡಿಸಿ ನೋಡಿದರೆ ಕಾರಭಾರಿಯ ಪ್ರಶ್ನೆ ಬೆಳಕಿಗೆ ಬರುತ್ತದೆ. ದುಡಿಸಿಕೊಂಡು ಕೊಡದ ಒಡೆಯನು ಮೊದಲನೆಯ ದೋಷಕ್ಕೆ ಸಿಕ್ಕುತ್ತಾನೆ. ಕೊಡದಿದ್ದುದನ್ನು ಗುಟ್ಟಾಗಿ ತೆಗೆದುಕೊಂಡ ಕಾರಭಾರಿಯು ಎರಡನೆಯದಕ್ಕೆ. ಗಾರೆಯವನಿಂದ ಪಡೆದ ಕಮಿಷನ್, ರಾಶಿಯಲ್ಲಿ ಕಾಣೆಯಾದ ಒಂದು ಚೀಲ ಇವೆಲ್ಲ ಹೇಳದೆ ಪಡೆದ ಸಂಬಳಗಳೇ. ಒಡೆಯನ ಜಿಪುಣತನ ಕಳವನ್ನು ಧರ್ಮವಾಗಿಸದು. ಆದರೆ ಆ ಕಳವಿಗೆ ಬಾಗಿಲು ತೆರೆದವನೂ ನಿರ್ದೋಷಿಯಲ್ಲ.

ಹಾಗಾದರೆ ಅಳತೆ ಯಾವುದು? ಅಮೆರಿಕದಲ್ಲಿ ಬಾಡಿಗೆಯ ನೂರಕ್ಕೆ 8ರಿಂದ 12ರಷ್ಟನ್ನು ಪಾಲಕರಿಗೆ ಕೊಡುವ ರೂಢಿಯಿದೆ. ಶೇಕಡಾವಾರು ಲೆಕ್ಕ ಸುಲಭ, ಆದರೆ ನ್ಯಾಯವೆಂದು ಹೇಳಲಾಗದು. ನೂರಕ್ಕೆ 10ರಂತೆ, 5,000 ರೂಪಾಯಿ ಬಾಡಿಗೆಯ ಮನೆ 500 ರೂಪಾಯಿ ತಂದರೆ 20,000ದ ಮನೆ 2,000 ತರುತ್ತದೆ. ನಲ್ಲಿ ಸೋರಿದಾಗ ಓಡಾಟ ಎರಡಕ್ಕೂ ಒಂದೇ. ಮನೆ ಖಾಲಿ ಬಿದ್ದ ತಿಂಗಳಲ್ಲಿ ಅಲೆದಾಟ ಹೆಚ್ಚು, ಪ್ರತಿಫಲ ಸೊನ್ನೆ. ಮೇಲಾಗಿ, ಬಾಡಿಗೆ ಏರಿದಷ್ಟೂ ತನ್ನ ಪಾಲು ಏರುವುದರಿಂದ ಪಾಲಕನು ಬಡ ಬಾಡಿಗೆದಾರನನ್ನು ಹಿಂಡುವ ಪ್ರಲೋಭನೆಗೆ ಒಳಗಾಗುತ್ತಾನೆ. ಆ ಹಿಂಸೆಯಲ್ಲಿ ಒಡೆಯನೂ ಪಾಲುದಾರ.

ಕಾನೂನೂ ಇಲ್ಲಿ ವಿವೇಚನೆ ತೋರಿದೆ. 1882ರ ಭಾರತೀಯ ನ್ಯಾಸ ಅಧಿನಿಯಮದಂತೆ, ನ್ಯಾಸಪತ್ರ, ಕರಾರು ಅಥವಾ ನ್ಯಾಯಾಲಯದ ಆದೇಶವಿಲ್ಲದೆ ಟ್ರಸ್ಟಿಯು ತನ್ನ ಶ್ರಮಕ್ಕೆ ಸಂಭಾವನೆ ಪಡೆಯುವಂತಿಲ್ಲ. 1872ರ ಕರಾರು ಅಧಿನಿಯಮವು ಲೆಕ್ಕ ಒಪ್ಪಿಸುವ ಹೊಣೆಯನ್ನು ಏಜೆಂಟನ ಮೇಲೆ ಹೊರಿಸಿ, ದುರ್ನಡತೆಯಿಂದ ನಡೆಸಿದ ಭಾಗಕ್ಕೆ ಪ್ರತಿಫಲವಿಲ್ಲವೆನ್ನುತ್ತದೆ. ಎರಡರ ಹಿಂದಿರುವ ವಿವೇಕ ಒಂದೇ: ಪರರ ಸೊತ್ತು ಕೈಯಲ್ಲಿರುವವನು ತನ್ನ ಕೂಲಿಯನ್ನು ತಾನೇ ಗೊತ್ತುಮಾಡಿಕೊಳ್ಳಬಾರದು.

ಆದ್ದರಿಂದ, ಪಾಲಕನು ಕಳೆಯುವ ದಿನಗಳಿಗೆ ಆ ಊರಿನ ಕುಶಲ ಕೆಲಸಗಾರನಿಗಿಂತ ಕಡಿಮೆಯಾಗದ ನಿಶ್ಚಿತ ವೇತನವಿರಲಿ. ಹಣದ ಹೊಣೆಗಾರಿಕೆಗೆ ಅದರ ಮೇಲೆ ಸ್ವಲ್ಪ ಸಲ್ಲಲಿ. ಮನೆ ಖಾಲಿಯಿದ್ದಾಗಲೂ ಅದು ನಿಲ್ಲದಿರಲಿ. ಅದರಾಚೆ ಯಾರಿಂದಲೂ ಏನನ್ನೂ ಪಡೆಯದ ನಿಯಮ ಪಾಲಕನದಾಗಲಿ. ಇದೆಲ್ಲ ಬರವಣಿಗೆಯಲ್ಲಿರಲಿ. ಈ ವೇತನ ಕೊಟ್ಟ ಮೇಲೆ ಲಾಭ ಉಳಿಯದ ಆಸ್ತಿಯನ್ನು ಇಟ್ಟುಕೊಳ್ಳಬೇಕೆ ಎಂದು ಒಡೆಯನು ಯೋಚಿಸುವುದು ಒಳಿತು. ತಾನು ನೋಡಿಕೊಳ್ಳಲಾರದ, ನೋಡಿಕೊಳ್ಳುವವನಿಗೆ ಕೊಡಲೂ ಆರದಷ್ಟು ಆಸ್ತಿ, ಪರಿಗ್ರಹವು ತನ್ನ ಪರಿಮಾಣವನ್ನು ಮೀರಿದುದರ ಗುರುತು.