ವಿಶ್ರಾಂತಿಯ ಋಣ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಸೆಪ್ಟೆಂಬರ್ ತಿಂಗಳ ಮೊದಲನೆಯ ಸೋಮವಾರವು ಕಾರ್ಮಿಕರ ದಿನ. 1882ರಲ್ಲಿ ನ್ಯೂಯಾರ್ಕಿನ ಶ್ರಮಜೀವಿಗಳು ಮೆರವಣಿಗೆಯಿಂದ ಮೊದಲುಮಾಡಿದ ಈ ಹಬ್ಬವು 1894ರಲ್ಲಿ ಇಡಿಯ ರಾಷ್ಟ್ರಕ್ಕೆ ಶಾಸನಸಮ್ಮತವಾಯಿತು. ಈಗ ಅದು ಬೇಸಗೆಗೆ ವಿದಾಯ ಹೇಳುವ ಉತ್ಸವವೂ ಹೌದು. ಬಂಧುಗಳು ಬಯಲಿನಲ್ಲಿ ಕೂಡಿ ಉಣ್ಣುವರು; ಅನಂತರ ಮನೆಗಳು ಶರತ್ಕಾಲಕ್ಕೆ ಅಣಿಯಾಗುವುವು. ಟೊಮೇಟೊ ಹಣ್ಣು ಜಾಡಿ ಸೇರುವುದು, ಸೌದೆ ಒಟ್ಟಲ್ಪಡುವುದು, ಉಣ್ಣೆಯ ಬಟ್ಟೆ ಪೆಟ್ಟಿಗೆಯಿಂದ ಹೊರಬರುವುದು.

ಆದರೆ ಅದೇ ದಿನ ಅನೇಕ ಅಂಗಡಿಗಳು ರಿಯಾಯಿತಿಯ ಮಾರಾಟಕ್ಕಾಗಿ ತೆರೆದಿರುವುವು. ಶ್ರಮದ ಹೆಸರಿನ ಹಬ್ಬದಂದು ಅಲ್ಲಿಯ ಆಳಿಗೆ ಬಿಡುವಿಲ್ಲ. ಒಬ್ಬನ ವಿಶ್ರಾಂತಿಯು ಮತ್ತೊಬ್ಬನ ದುಡಿಮೆಯ ಮೇಲೆ ನಿಂತಿರುವಾಗ ಅದು ಧರ್ಮ್ಯವೆನಿಸೀತೆ? ಎಲ್ಲರೂ ಏಕಕಾಲದಲ್ಲಿ ವಿರಮಿಸುವುದು ಅಸಾಧ್ಯವೆಂಬುದು ನಿಜ. ಆದುದರಿಂದಲೇ ವಿಶ್ರಾಂತಿಯು ಋಣ. ಪಡೆದವನು ಸರದಿಯಂತೆ ತೀರಿಸತಕ್ಕುದು. ಇದರ ಮೊದಲ ಪಾಠ ಮನೆಯಲ್ಲಿಯೇ ಉಂಟು: ಸೌದೆ ಒಟ್ಟುವಾಗ ಎಲ್ಲರ ಕೈಗಳೂ ಕೂಡಿದರೆ, ಚಳಿಗಾಲದ ಬೆಂಕಿಯ ಮುಂದೆ ಯಾರೂ ಸಾಲಗಾರರಾಗಿ ಕೂಡುವುದಿಲ್ಲ.